ಹಳೆಯ ಸ್ವೆಟರ್ ಬಿಚ್ಚಿ ಕೂಸಿನ ಟೋಪಿ: ನಿವೃತ್ತಿಯ ದಿನಗಳಲ್ಲಿ ನನ್ನ ಹೆಣಿಗೆ

ನಿವೃತ್ತಿಯಾದ ಮೇಲೆ ಹೆಣಿಗೆ ಶುರುಮಾಡುವವರು ಮೊದಲು ಓಡುವುದು ಉಲ್ಲನ್ ಅಂಗಡಿಗೆ. ನನ್ನ ಮಾತು ಕೇಳುವುದಾದರೆ ಅದು ಬೇಡ. ಹತ್ತಾರು ವರ್ಷ ಸಂಸಾರ ನಡೆಸಿದ ಮನೆಯಲ್ಲಿ ಟ್ರಂಕಿನೊಳಗೋ ಅಟ್ಟದ ಮೇಲೋ ಯಾರೂ ತೊಡದ ನಾಲ್ಕಾರು ಸ್ವೆಟರ್ ಇದ್ದೇ ಇರುತ್ತವೆ. ಅವನ್ನು ಬಿಚ್ಚಿ, ನೂಲು ತೊಳೆದು, ಅದರಲ್ಲೇ ಹೆಣೆಯಿರಿ. ಬೀರುವಿನಲ್ಲಿ ಜಾಗ ಬಿಡುವಾಗುತ್ತದೆ, ಕೈಗೆ ಕೆಲಸ ಸಿಗುತ್ತದೆ. ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಮನೆಯಲ್ಲಿರುವ ನೂಲು ಮುಗಿಯುವ ತನಕ ಹೊಸ ಉಂಡೆ ಒಳಗೆ ಬರಕೂಡದು.

ಉಣ್ಣೆ ಬಟ್ಟೆಗಳನ್ನೆಲ್ಲ ಹಗಲಿನಲ್ಲಿ, ಬೆಳಕಿರುವ ಕಡೆ ಒಟ್ಟಿಗೆ ಮಂಚದ ಮೇಲೆ ಸುರಿದುಕೊಳ್ಳಿ. ಕಳೆದ ಚಳಿಗಾಲದಲ್ಲಿ ತೊಟ್ಟದ್ದು ಒಂದು ಕಡೆ, ತೊಡದೇ ಇದ್ದದ್ದು ಇನ್ನೊಂದು ಕಡೆ. ತೊಡದ ರಾಶಿಯಲ್ಲಿ ಚೆನ್ನಾಗಿರುವುದನ್ನು ಒಗೆದು ಯಾರಿಗಾದರೂ ಕೊಡಿ. ಮೊಣಕೈ ಸವೆದದ್ದು, ಅಳತೆ ತಪ್ಪಿದ್ದು ಮಾತ್ರ ಬಿಚ್ಚುವುದಕ್ಕೆ. ಕಂಬಳಿಯನ್ನು ಈ ರಾಶಿಗೆ ಸೇರಿಸಬೇಡಿ. ಅದು ಮಗ್ಗದಲ್ಲಿ ನೇಯ್ದದ್ದು, ಹೆಣೆದದ್ದಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆ ಟೋಪಿಗೆ ತೀರ ಒರಟು. ಬಿಸಿಲಿಗೆ ಹಾಕಿ ಕೊಡವಿ ಹಾಗೆಯೇ ಮಡಿಸಿಡಿ. ನೆನಪು ಅಂಟಿಕೊಂಡಿರುವ ಸ್ವೆಟರ್ ಇದ್ದರೆ ಬಿಚ್ಚುವ ಮುಂಚೆ ಅದರ ಡಿಸೈನಿನ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ನೂಲು ಹೊಸ ಕೂಸಿನ ತಲೆಯ ಮೇಲೆ ಕೂರುವುದು ಟ್ರಂಕಿನಲ್ಲಿ ನುಸಿ ತಿನ್ನುವುದಕ್ಕಿಂತ ಎಷ್ಟೋ ಮೇಲು.

ಬಿಚ್ಚಲು ಬರುವ ಸ್ವೆಟರ್ ಯಾವುದು ಎಂಬುದನ್ನು ಒಳಗಿನ ಹೊಲಿಗೆ ಹೇಳುತ್ತದೆ. ಪಕ್ಕದ ಹೊಲಿಗೆಯನ್ನು ತಿರುಗಿಸಿ ನೋಡಿ. ಅಂಚು ಕತ್ತರಿಸಿ ಓವರ್‌ಲಾಕ್ (ಅಂಚನ್ನು ಸುತ್ತಿ ಬರುವ ಮೆಷಿನ್ ಹೊಲಿಗೆ) ಹಾಕಿದ್ದರೆ ಪ್ರತಿ ಸಾಲೂ ಅಲ್ಲಿ ತುಂಡಾಗಿದೆ ಎಂದರ್ಥ. ಬಿಚ್ಚಿದರೆ ಮೊಳದುದ್ದದ ಚೂರುಗಳೇ ಸಿಗುತ್ತವೆ, ಶ್ರಮ ದಂಡ. ಎರಡೂ ಅಂಚು ಕತ್ತರಿ ತಾಗದೆ ಪೂರ್ತಿಯಾಗಿದ್ದು, ನಡುವೆ ಒಂದೇ ಎಳೆಯಲ್ಲಿ ಹೊಲಿದಿದ್ದರೆ ಅದು ಬಿಚ್ಚಲು ಯೋಗ್ಯ. ಕೈಯಲ್ಲಿ ಹೆಣೆದದ್ದೆಲ್ಲ ಹೀಗೆಯೇ ಇರುತ್ತದೆ. ಬಿಸಿನೀರಿನಲ್ಲಿ ಒಗೆದು ದಪ್ಪಗೆ ಗಟ್ಟಿಯಾದ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬಿಚ್ಚಲು ಬರುವುದಿಲ್ಲ. ಅದನ್ನು ಚೌಕವಾಗಿ ಕತ್ತರಿಸಿ ಬಿಸಿ ಪಾತ್ರೆಯ ಕೆಳಗೆ ಹಾಸಿಕೊಳ್ಳಬಹುದು.

ಆದರೆ ಅದು ಉಣ್ಣೆಯೇ ಎಂದು ಖಾತ್ರಿಯಾಗಬೇಕು. ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಗುಳ್ಳೆಯಾದರೆ ಅಕ್ರಿಲಿಕ್‌ನಂಥ ಕೃತಕ ನೂಲು. ಆರುವ ತನಕ ಮುಟ್ಟಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ. ಇದೇ ಕಾರಣಕ್ಕೆ ಅಕ್ರಿಲಿಕ್‌ನಲ್ಲಿ ಪಾತ್ರೆ ಹಿಡಿಯುವ ಬಟ್ಟೆ ಹೆಣೆಯಬಾರದು. ಆಮೇಲೆ ಒಂದು ಗೇಣು ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಸುಲಭವಾಗಿ ಹರಿದರೆ ನೂಲು ಸತ್ತಿದೆ, ಆಸೆ ಬಿಡಿ. ನುಸಿ ತಿಂದ ಸ್ವೆಟರಿನಲ್ಲೂ ಅಷ್ಟೇ: ಎರಡು ಮೀಟರಿಗೊಮ್ಮೆ ತುಂಡಾಗುತ್ತಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಕೈಹೆಣಿಗೆಯ ಸ್ವೆಟರನ್ನು ಸಾಮಾನ್ಯವಾಗಿ ಕೆಳಗಿನ ಬಾರ್ಡರಿನಿಂದ ಶುರುಮಾಡಿ ಭುಜದ ಕಡೆಗೆ ಹೆಣೆದಿರುತ್ತಾರೆ. ಬಿಚ್ಚುವುದು ಭುಜದಿಂದ ಕೆಳಕ್ಕೆ. ಕೊನೆಗೆ ಹೆಣೆದದ್ದು ಕೊರಳಪಟ್ಟಿ, ಆದ್ದರಿಂದ ಮೊದಲು ಅದು. ನಂತರ ಪಕ್ಕದ ಹೊಲಿಗೆ, ತೋಳು, ಭುಜ. ಹೊಲಿದ ಎಳೆ ಅದೇ ಬಣ್ಣದ್ದಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಎರಡೂ ತುಂಡುಗಳನ್ನು ಅತ್ತಿತ್ತ ಎಳೆದು ಹಿಡಿದರೆ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಕಾಣುತ್ತವೆ. ನಾಲ್ಕೈದು ಸೆಂ.ಮೀ.ಗೆ ಒಂದರಂತೆ ಅವನ್ನು ಮಾತ್ರ ಕತ್ತರಿಸಿ ಎಳೆದುಬಿಡಿ. ತುದಿ ಸಿಕ್ಕ ಮೇಲೆ ನೂಲು ಸರಾಗವಾಗಿ ಬರುತ್ತದೆ. ಬರದೆ ಪ್ರತಿ ಕುಣಿಕೆಯಲ್ಲೂ ಸಿಕ್ಕಿಕೊಳ್ಳುತ್ತಿದ್ದರೆ ನೀವು ಶುರುವಿನ ತುದಿಯನ್ನು ಹಿಡಿದಿದ್ದೀರಿ. ತುಂಡನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಬನ್ನಿ. ಜೋರಾಗಿ ಜಗ್ಗಿದರೆ ಗಂಟು ಬಿಗಿಯುವುದೇ ಹೊರತು ಬಿಡುವುದಿಲ್ಲ.

ಬಿಚ್ಚಿದ ನೂಲನ್ನು ಉಂಡೆ ಸುತ್ತಬೇಡಿ. ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ ಲಡಿ ಮಾಡಿ, ಬೇರೆ ಬಣ್ಣದ ಹತ್ತಿ ದಾರದಿಂದ ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ನೂಲು ಈಗ ಸೇವಿಗೆಯಂತೆ ಗುಂಗುರಾಗಿರುತ್ತದೆ. ಹಾಗೆಯೇ ಹೆಣೆದರೆ ಕುಣಿಕೆಗಳು ಏರುಪೇರಾಗುತ್ತವೆ, ಅಳತೆ ಸುಳ್ಳು ಹೇಳುತ್ತದೆ, ಮೊದಲ ಒಗೆತಕ್ಕೆ ಟೋಪಿಯ ಆಕಾರ ಬದಲಾಗುತ್ತದೆ. ಉಣ್ಣೆಯ ಲಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ರಸ ಅಥವಾ ಉಲ್ಲನ್‌ಗೆಂದೇ ಸಿಗುವ ದ್ರವ ಸೋಪು ಬೆರೆಸಿ ಅರ್ಧ ಗಂಟೆ ನೆನೆಹಾಕಿ. ಉಜ್ಜುವುದು, ಹಿಂಡುವುದು ಬೇಡ. ಜಾಲಿಸುವ ನೀರೂ ಅದೇ ಬಿಸಿಯಲ್ಲಿರಲಿ, ಬಿಸಿಯಿಂದ ತಣ್ಣೀರಿಗೆ ಹಾಕಿ ತಿಕ್ಕಿದರೆ ಉಣ್ಣೆ ಗಟ್ಟಿಯಾಗಿ ಕುಗ್ಗುತ್ತದೆ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ನೇತುಹಾಕಿ. ಗುಂಗುರು ಬಿಡಲು ಕೆಳತುದಿಗೆ ಹಗುರವಾದ ಒಂದು ಹ್ಯಾಂಗರ್ ಸಿಕ್ಕಿಸಿದರೆ ಸಾಕು. ಅಕ್ರಿಲಿಕ್‌ಗೆ ನೀರಿನಿಂದ ಗುಂಗುರು ಪೂರ್ತಿ ಹೋಗುವುದಿಲ್ಲ. ಒಂದು ಗೇಣು ದೂರದಿಂದ ಹಬೆ ತೋರಿಸಿದರೆ ಸಡಿಲವಾಗುತ್ತದೆ. ಹತ್ತಿರ ಹಿಡಿದರೆ, ಇಸ್ತ್ರಿ ಇಟ್ಟರೆ, ನೂಲಿನ ಪುಟಿತ ಸತ್ತು ಜೋತುಬೀಳುತ್ತದೆ. ಅದನ್ನು ಸರಿಮಾಡುವ ದಾರಿಯಿಲ್ಲ.

ಒಣಗಿದ ನೂಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಚೀಟಿ ಕಟ್ಟಿ. ದಪ್ಪ ತಿಳಿಯಲು ಸ್ಕೇಲಿನ ಮೇಲೆ 2.5 ಸೆಂ.ಮೀ. ಅಗಲಕ್ಕೆ ಪಕ್ಕಪಕ್ಕದಲ್ಲಿ ಸುತ್ತಿ ಎಣಿಸಿ. 11-12 ಸುತ್ತು ಹಿಡಿದರೆ ಅದು ಡಬಲ್ ನಿಟ್, ಅಂದರೆ ಮಧ್ಯಮ ದಪ್ಪದ ನೂಲು. ಕೂಸಿನ ಟೋಪಿಗೆ ಅದು ಸರಿ. ಇನ್ನೂ ಹೆಚ್ಚು ಸುತ್ತು ಹಿಡಿಯುವ ತೆಳು ನೂಲನ್ನು ಜೋಡಿ ಎಳೆಯಾಗಿ ಹೆಣೆಯಬಹುದು.

ಕಡ್ಡಿಯ ವಿಷಯದಲ್ಲಿ ಹೊಸಬರು ಎಡವುವ ಜಾಗ ನಂಬರು. ನಮ್ಮ ಅಂಗಡಿಗಳ ಕಡ್ಡಿಯ ನಂಬರು ಹಳೆಯ ಬ್ರಿಟಿಷ್ ಲೆಕ್ಕದ್ದು, ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು: 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ಉಲ್ಟಾ, ಅಲ್ಲಿನ 8 ಎಂದರೆ 5 ಮಿ.ಮೀ. ಯೂಟ್ಯೂಬ್ ನೋಡಿ ಹೆಣೆಯುವಾಗ ನಂಬರನ್ನು ಬಿಟ್ಟು ಮಿಲಿಮೀಟರನ್ನೇ ನೋಡಿ. ವಯಸ್ಸಾದ ಕೈಗೆ 4 ಮಿ.ಮೀ. ಹಿತ, 3 ಮಿ.ಮೀ.ಗಿಂತ ತೆಳುವಾದ ಕಡ್ಡಿ ಹಿಡಿದರೆ ಹೆಬ್ಬೆರಳ ಬುಡ ಬೇಗ ನೋಯುತ್ತದೆ. ಅಲ್ಯೂಮಿನಿಯಂ ಕಡ್ಡಿಯಲ್ಲಿ ಕುಣಿಕೆ ಜಾರಿ ಬೀಳುತ್ತಿದ್ದರೆ ಬಿದಿರಿನದು ತೆಗೆದುಕೊಳ್ಳಿ. ದೊಡ್ಡ ಹೆಣಿಗೆಗೆ ಎರಡು ಕಡ್ಡಿಗಳ ನಡುವೆ ವೈರ್ ಇರುವಂಥದು ಒಳ್ಳೆಯದು, ಭಾರ ಮಣಿಕಟ್ಟಿನ ಮೇಲೆ ಬೀಳದೆ ತೊಡೆಯ ಮೇಲೆ ಕೂರುತ್ತದೆ.

ಈಗ ಟೋಪಿ. ಹುಟ್ಟಿದ ಕೂಸಿಗೆ ಸುಮಾರು 25 ಗ್ರಾಂ ನೂಲು ಸಾಕು. ಮೊದಲು 8ನೇ ನಂಬರ್ ಕಡ್ಡಿಯಲ್ಲಿ ಅಂಗೈಗಿಂತ ತುಸು ಅಗಲವಾದ ಒಂದು ಮಾದರಿ ಹೆಣೆದು, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಎಂದು ಎಣಿಸಿ. 22 ಬರಬೇಕು. ಆಗ 74 ಕುಣಿಕೆಯ ಟೋಪಿಯ ಸುತ್ತಳತೆ ಹತ್ತಿರ ಹತ್ತಿರ 33 ಸೆಂ.ಮೀ. ಆಗುತ್ತದೆ, ಹಿಗ್ಗಿ ಕೂಸಿನ ತಲೆಗೆ ಕೂರುತ್ತದೆ. 20 ಬಂದರೆ ಟೋಪಿ 36 ಸೆಂ.ಮೀ. ಆಗಿ ಕಣ್ಣಿನ ಮೇಲೆ ಇಳಿಯುತ್ತದೆ. 24 ಬಂದರೆ 30 ಆಗಿ ಹಣೆಯಲ್ಲಿ ಗೆರೆ ಮೂಡಿಸುತ್ತದೆ. ಮಾದರಿಗೆ ಹಿಡಿಯುವ ಹದಿನೈದು ನಿಮಿಷ ಉಳಿಸಲು ಹೋಗಬೇಡಿ.

10ನೇ ನಂಬರ್ ಕಡ್ಡಿಯಲ್ಲಿ ಸಡಿಲವಾಗಿ 74 ಕುಣಿಕೆ ಹಾಕಿ. ಮೊದಲ ಸಾಲು: 2 ನಿಟ್ (ಸೀದಾ ಕುಣಿಕೆ), ಆಮೇಲೆ 2 ಪರ್ಲ್ (ಉಲ್ಟಾ ಕುಣಿಕೆ) 2 ನಿಟ್ ಕೊನೆಯ ತನಕ. ಎರಡನೆಯ ಸಾಲು: 2 ಪರ್ಲ್, ಆಮೇಲೆ 2 ನಿಟ್ 2 ಪರ್ಲ್. ಹೀಗೆ 8 ಸಾಲು. ನಂತರ 8ನೇ ನಂಬರಿಗೆ ಬದಲಿಸಿ, ಒಂದು ಸಾಲು ನಿಟ್ ಒಂದು ಸಾಲು ಪರ್ಲ್, ಬುಡದಿಂದ ಅಳೆದು 10 ಸೆಂ.ಮೀ. ಆಗುವವರೆಗೆ. ಪರ್ಲ್ ಸಾಲಿನಲ್ಲಿ ನಿಲ್ಲಿಸಿ. ಇನ್ನು ನೆತ್ತಿ ಇಳಿಸುವುದು: 1 ನಿಟ್, ಆಮೇಲೆ 6 ನಿಟ್ ಮಾಡಿ ಎರಡನ್ನು ಸೇರಿಸಿ ಒಂದು ಮಾಡುವುದು, ಹೀಗೆ 9 ಸಲ, ಕೊನೆಗೆ 1 ನಿಟ್. 65 ಉಳಿಯುತ್ತವೆ. ಮುಂದಿನ ಸಾಲು ಪರ್ಲ್. ಮುಂದಿನ ನಿಟ್ ಸಾಲಿನಲ್ಲಿ 6ರ ಬದಲು 5, ಅದರ ಮುಂದೆ 4, ಹೀಗೆ ಇಳಿಸುತ್ತ ಹೋಗಿ. ಪ್ರತಿ ಸಲ 9 ಕಡಿಮೆಯಾಗಬೇಕು: 56, 47, 38, 29, 20, ಕೊನೆಗೆ 11. ಲೆಕ್ಕ ತಪ್ಪಿದ್ದರೆ ಆ ಸಾಲಿನಲ್ಲೇ ಹುಡುಕಿ, ಮುಂದೆ ಹೋಗಿ ಸರಿಮಾಡುತ್ತೇನೆ ಎಂದರೆ ನೆತ್ತಿ ಸೊಟ್ಟಗಾಗುತ್ತದೆ. ಎರಡು ಗೇಣು ನೂಲು ಬಿಟ್ಟು ಕತ್ತರಿಸಿ, ಉಲ್ಲನ್ ಸೂಜಿಗೆ ಪೋಣಿಸಿ, 11 ಕುಣಿಕೆಯ ಮೂಲಕ ಎರಡು ಸಲ ಹಾಯಿಸಿ ಬಿಗಿದು, ಅದೇ ಎಳೆಯಲ್ಲಿ ಹಿಂಬದಿ ಹೊಲಿಯಿರಿ. ಎರಡೂ ಅಂಚಿನ ಒಂದೊಂದು ಕುಣಿಕೆ ಹೊಲಿಗೆಯೊಳಗೆ ಹೋಗುವುದರಿಂದ ಬಾರ್ಡರಿನ ಗೆರೆ ಮುರಿಯದೆ ಸುತ್ತ ಬರುತ್ತದೆ. ಆರು ತಿಂಗಳ ಮಗುವಿಗಾದರೆ 90 ಕುಣಿಕೆ ಹಾಕಿ, 13 ಸೆಂ.ಮೀ. ತನಕ ನೇರವಾಗಿ ಹೋಗಿ, ಇಳಿಸುವ ಪ್ರತಿ ಸಾಲಿನಲ್ಲಿ 9ರ ಬದಲು 11 ಸಲ ಇಳಿಸಿದರಾಯಿತು.

ಹಳೆಯ ನೂಲಿನಲ್ಲಿ ತುಂಡು ಜೋಡಿಸುವ ಕೆಲಸ ಜಾಸ್ತಿ. ಉಣ್ಣೆಯಾದರೆ ಎರಡೂ ತುದಿಯ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ಸವರಿ ಅಂಗೈಯಲ್ಲಿ ಬಿಸಿಯೇರುವಂತೆ ಉಜ್ಜಿದರೆ ಒಂದಾಗಿಬಿಡುತ್ತವೆ. ಮೆಷಿನ್‌ನಲ್ಲಿ ಒಗೆಯಲೆಂದು ಸಂಸ್ಕರಿಸಿದ ಉಣ್ಣೆಗೆ, ಅಕ್ರಿಲಿಕ್‌ಗೆ ಇದು ನಡೆಯದು. ಸಾಲಿನ ಅಂಚಿನಲ್ಲೇ ಹೊಸ ನೂಲು ಹಿಡಿದು, 10 ಸೆಂ.ಮೀ. ತುದಿ ಬಿಟ್ಟು, ಆಮೇಲೆ ಹೊಲಿಗೆಯೊಳಗೆ ಸೇರಿಸಿ. ಟೋಪಿಯ ಒಳಗೆ ಗಂಟು ಬೇಡ, ಕೂಸಿನ ನೆತ್ತಿಗೆ ಒತ್ತುತ್ತದೆ. ಗುಂಡಿ, ಮಣಿ, ಕಟ್ಟುವ ದಾರ ಯಾವುದೂ ಬೇಡ.

ನುಸಿಗುಳಿಗೆಯ ಬಗ್ಗೆ ಒತ್ತಿ ಹೇಳಬೇಕು. ನ್ಯಾಫ್ತಲೀನ್ ಹಾಕಿಟ್ಟ ಬಟ್ಟೆಯನ್ನು ಹಸುಗೂಸಿಗೆ ತೊಡಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಿಗೆ ಅದರಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗಬಹುದು, ಮತ್ತು ಆ ಕೊರತೆ ಹೊರಗಿನಿಂದ ಕಾಣುವುದಿಲ್ಲ. ಗುಳಿಗೆಯ ವಾಸನೆ ಅಂಟಿದ ನೂಲನ್ನು ನಾನು ದೊಡ್ಡವರ ಮಫ್ಲರ್‌ಗೆ ಮಾತ್ರ ಬಳಸುತ್ತೇನೆ. ಉಣ್ಣೆಯ ನೂಲಿಗೆ ಗುಳಿಗೆಯ ಅಗತ್ಯವೂ ಇಲ್ಲ. ಗಾಳಿಯಾಡದ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ನುಸಿಯ ಮೊಟ್ಟೆ, ಮರಿ ಸಾಯುತ್ತವೆ. ಹೊರತೆಗೆದ ಮೇಲೆ ತಣ್ಣಗಿರುವುದು ಕೋಣೆಯ ಬಿಸಿಗೆ ಬರುವ ತನಕ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ತೇವ ಕೂತು ಬೂಷ್ಟು ಹಿಡಿಯುತ್ತದೆ.

ಹೆಣಿಗೆಯ ದೊಡ್ಡ ತೊಂದರೆಯೆಂದರೆ ಕೂತವರು ಏಳುವುದೇ ಇಲ್ಲ. ಗಡಿಯಾರಕ್ಕಿಂತ ಸಾಲಿನ ಲೆಕ್ಕ ಇದಕ್ಕೆ ಒಳ್ಳೆಯ ಮದ್ದು. 74 ಕುಣಿಕೆಯ ಒಂದು ಸಾಲಿಗೆ ನಿಧಾನದ ಕೈಗೆ ಎರಡೂವರೆ, ಮೂರು ನಿಮಿಷ ಬೇಕು. ಹತ್ತು ಸಾಲಿಗೆ ಅರ್ಧ ಗಂಟೆ. ಹತ್ತನೆಯ ಸಾಲಿನ ಕೊನೆಗೆ ಕಡ್ಡಿ ಕೆಳಗಿಟ್ಟು ಏಳಲೇಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಒಂದು ಲೋಟ ನೀರು ಕುಡಿದು ಮತ್ತೆ ಕೂರುತ್ತೇನೆ. ಮಂಡಿ ನೋವಿದ್ದರೆ ಕೈಯಿರುವ ಕುರ್ಚಿಯೇ ಇರಲಿ. ಇದು ನಡಿಗೆಗೆ ಬದಲಿಯಲ್ಲ. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲದ, ಮೂರು ದಿನ ಸಮತೋಲನದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗಿನ ನಡಿಗೆ ಮುಗಿಯದೆ ಕಡ್ಡಿ ಮುಟ್ಟದಿದ್ದರೆ ಎರಡೂ ನಡೆಯುತ್ತವೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಮಡಿಸಿದ ಬೆರಳು ಟಕ್ಕೆಂದು ಬಿಡಿಸಿಕೊಳ್ಳುತ್ತಿದ್ದರೆ, ಹೆಣಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆರಳು ಹೀಗೆ ಸಿಕ್ಕಿಕೊಳ್ಳುವುದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಕಪ್ಪು, ಕಡುನೀಲಿ ನೂಲಿನ ಕುಣಿಕೆ ಕಣ್ಣಿಗೆ ಸರಿಯಾಗಿ ಕಾಣದು, ಅದು ಹಗಲಿಗೆ ಮಾತ್ರ.

ಕೈಯಲ್ಲಿ ಉಲ್ಲನ್ ಇದ್ದರೆ ಟಿವಿ ಮುಂದೆ ಚಕ್ಕುಲಿ ಡಬ್ಬಿಗೆ ಕೈ ಹೋಗುವುದಿಲ್ಲ, ಇದು ನಿಜವಾದ ಲಾಭ.

ಉಣ್ಣೆಯ ರಾಶಿ ಮುಗಿದ ಮೇಲೆ ಉಳಿದ ಮನೆಗೂ ಕೈಹಾಕಬಹುದು. ಮುಚ್ಚಳವಿಲ್ಲದ ಡಬ್ಬಿ, ಅವಧಿ ಮೀರಿದ ಮಾತ್ರೆ, ಯಾವುದಕ್ಕೂ ಹೊಂದದ ಚಾರ್ಜರ್ ಮೊದಲು; ಆಲ್ಬಂ, ಪತ್ರ ಕೊನೆಗೆ. ಮಂಡಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರುವ ಕಪಾಟಿನಲ್ಲಿ ದಿನಬಳಕೆಯ ಸಾಮಾನು. ಸ್ಟೂಲ್ ಹತ್ತಿ ತೆಗೆಯಬೇಕಾದದ್ದು ಮನೆಯಲ್ಲಿ ಇರಲೇಬೇಕೇ ಎಂದು ಗಟ್ಟಿಯಾಗಿ ಕೇಳಿಕೊಳ್ಳಿ, ಅಲ್ಲಿಂದ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ನಡೆಯುವ ದಾರಿಯಲ್ಲಿ ಪೇಪರ್ ಕಟ್ಟು, ವೈರು, ನೂಲಿನ ಬುಟ್ಟಿ ಯಾವುದೂ ಇರಬಾರದು. ಪಿಂಚಣಿ ಆದೇಶ, ಕ್ರಯಪತ್ರ, ಖಾತಾ, ಆರೋಗ್ಯ ವಿಮೆ ಒಂದೇ ಫೈಲಿನಲ್ಲಿರಲಿ. ಪಿಂಚಣಿದಾರರಾದರೆ ನವೆಂಬರಿನ ಜೀವನ ಪ್ರಮಾಣಪತ್ರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಟೋಪಿಗಳನ್ನು ಆಸ್ಪತ್ರೆಗೆ ಕೊಡುವ ಯೋಚನೆಯಿದ್ದರೆ ಹೆಣೆಯುವ ಮೊದಲೇ ಹೆರಿಗೆ ವಾರ್ಡಿನಲ್ಲಿ ಕೇಳಿ: ಯಾವ ನೂಲು ತೆಗೆದುಕೊಳ್ಳುತ್ತಾರೆ, ಯಾವ ಅಳತೆ, ಹೇಗೆ ಒಗೆದು ಕೊಡಬೇಕು. ಬಿಸಿನೀರಿನಲ್ಲಿ ಒಗೆಯುವ ಕಡೆ ಉಣ್ಣೆಯ ಟೋಪಿ ಒಂದೇ ಒಗೆತಕ್ಕೆ ಕುಗ್ಗಿಹೋಗುತ್ತದೆ, ಅಂಥಲ್ಲಿಗೆ ಮೆತ್ತನೆಯ ಹತ್ತಿ ನೂಲೇ ಸರಿ. ಮುಗಿದ ಟೋಪಿಯನ್ನು ಒಗೆದು ಪೂರ್ತಿ ಒಣಗಿಸಿ, ಒಂದೊಂದನ್ನೂ ಬೇರೆ ಕವರಿನಲ್ಲಿಟ್ಟು, ಉಣ್ಣೆಯೋ ಅಕ್ರಿಲಿಕ್ಕೋ, ಸುತ್ತಳತೆ ಎಷ್ಟು ಎಂದು ಚೀಟಿ ಬರೆದು ಹಾಕಿ.