ಪಾಯಕ್ಕೆ ಬೇಕಾದ ಮೊದಲ ಹಣ

ಮನೆ ಮಂಜೂರಾಗಿ, ಪಟ್ಟಿಯಲ್ಲಿ ಹೆಸರೂ ಬಂದು, ಆಮೇಲೂ ಜಾಲಿ ಬೆಳೆದು ನಿಂತ ನಿವೇಶನಗಳು ನಮ್ಮ ಹಿರಿಯೂರು ಸೀಮೆಯಲ್ಲಿವೆ. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಮನೆ ಕಟ್ಟಲು ಸಿಗುವ ಸಹಾಯಧನ ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್ (ಬಾಗಿಲು-ಕಿಟಕಿಯ ಮೇಲಿನ ಅಡ್ಡಪಟ್ಟಿ), ಛಾವಣಿ, ಪೂರ್ಣ ಎಂದು ಒಂದೊಂದು ಹಂತ ಮುಗಿಸಿ, ಜಿಪಿಎಸ್ ಫೋಟೊ ಹೋದ ಮೇಲೆ ಖಾತೆಗೆ ಕಂತು ಬೀಳುತ್ತದೆ. ಕೈಯಲ್ಲಿ ಕಾಸಿಲ್ಲದವರ ಮೇಲೇ ಮೊದಲ ಖರ್ಚು ಬೀಳುವುದು ಅನ್ಯಾಯ. ಅದರಲ್ಲೂ ಎರೆಭೂಮಿಯ ಪಾಯ! ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೂ ಅಗೆಯಬೇಕು. ಕಲ್ಲು, ಮರಳು ಎಷ್ಟು ಸುರಿದರೂ ಗುಂಡಿ ನುಂಗುತ್ತದೆ. ಕೈಸಾಲ ತಂದವರು ಕಂತು ಬರುವ ಹೊತ್ತಿಗೆ ಬಡ್ಡಿಯಲ್ಲೇ ಸೊರಗುತ್ತಿದ್ದರು.

ನಾನು ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಸಂಬಳವಿಲ್ಲದೆ ಲೆಕ್ಕ ಬರೆಯುತ್ತೇನೆ. ಪ್ರತಿ ಸಂಘವೂ ಉಳಿತಾಯದ ಒಂದು ಪಾಲನ್ನು ಮನೆ ನಿಧಿಗೆ ಎತ್ತಿಡಬೇಕು, ಅದರಿಂದ ಬಡ್ಡಿಯಿಲ್ಲದ ಮುಂಗಡ ಕೊಡಬೇಕು ಎಂದು ಸಭೆಯಲ್ಲಿ ಕೇಳಿದೆ. "ಕಂತು ತಡವಾದರೆ ನಮ್ಮ ದುಡ್ಡಿಗೆ ಗತಿ ಏನಣ್ಣ?" ಎಂದರು ಒಬ್ಬರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟವರೂ ಹೆಂಗಸರೇ: ನಗದು ಕೊಡುವುದು ಬೇಡ, ಸಾಮಾನು ಕೊಡೋಣ, ಮನೆಯಾಕೆಯ ಸಂಘದವರೆಲ್ಲ ಜಾಮೀನು ನಿಲ್ಲಲಿ. ಅಂದಿನಿಂದ ಸೈಜುಗಲ್ಲಿನ ಲೋಡು, ಸಿಮೆಂಟಿನ ಚೀಲ ಒಕ್ಕೂಟದ ಚೀಟಿಯ ಮೇಲೆಯೇ ನಿವೇಶನಕ್ಕೆ ಇಳಿಯುತ್ತವೆ.

ಕೂಲಿಗೆ ನಮ್ಮ ಹಳೆಯ ಮುಯ್ಯಾಳು ಪದ್ಧತಿಯೇ ಆಸರೆಯಾಯಿತು. ಕಳೆ ತೆಗೆಯಲು ಒಬ್ಬರ ಹೊಲಕ್ಕೆ ಒಬ್ಬರು ಹೋಗುವವರು ಪಾಯ ಅಗೆಯಲೂ ಬಂದರು. ವಿಧವೆಯೊಬ್ಬರ ಮನೆಗೆ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕಿದ ದಿನ ಬೆಳಗಿನಿಂದಲೇ ಬಾಂಡ್ಲಿಗಳು ಕೈಯಿಂದ ಕೈಗೆ ಏಣಿ ಹತ್ತಿದವು. ಮೇಸ್ತ್ರಿ ಮತ್ತು ಸೆಂಟ್ರಿಂಗ್‌ನವರಿಗೆ ಮಾತ್ರ ಕೂಲಿ. ಉಳಿದವರಿಗೆ ಮುದ್ದೆ, ಹುರುಳಿ ಸಾರು. ದುಡ್ಡು ಕೊಡಲಾಗದವರು ಹೀಗೆ ಮೈದುಡಿಮೆ ಕೊಟ್ಟರೆ ಅದನ್ನೂ ಹೆಸರು ಹಾಕಿ ಪುಸ್ತಕಕ್ಕೆ ಏರಿಸುತ್ತೇನೆ. ಮುಂದೆ ಅವರ ಮನೆಯ ಸರದಿ ಬಂದಾಗ ಆ ಪುಟ ತೆರೆದು ಆಳು ಕರೆಯುತ್ತೇವೆ.

ಈ ಕೆಲಸಕ್ಕೆ ಕೈ ಹಾಕುವವರು ವಸೂಲಿಯ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮೊದಲ ಕಂತು ಬಿದ್ದ ಕೂಡಲೇ ಮುಂಗಡವನ್ನೆಲ್ಲ ಕಿತ್ತುಕೊಂಡರೆ ಗೋಡೆ ಲಿಂಟಲ್ ಮುಟ್ಟುವುದಿಲ್ಲ, ಎರಡನೆಯ ಕಂತೂ ಬರುವುದಿಲ್ಲ. ನಾವು ಮೊದಲ ಕಂತಿನಿಂದ ಒಂದು ಪಾಲು ಮಾತ್ರ ಪಡೆಯುತ್ತೇವೆ. ಛಾವಣಿಯ ಹಂತದಲ್ಲಿ ಕಬ್ಬಿಣಕ್ಕೇ ಹೆಚ್ಚು ಹಣ ಬೇಕಾಗುವುದರಿಂದ ಆಗ ಏನನ್ನೂ ಕೇಳುವುದಿಲ್ಲ. ಬಾಕಿಯನ್ನು ಕೊನೆಯ ಕಂತಿನಲ್ಲಿ ತೀರಿಸುತ್ತಾರೆ; ಆಗಲೂ ಉಳಿದರೆ ಕಡಲೆ ಸುಗ್ಗಿಯವರೆಗೆ ಕಾಯುತ್ತೇವೆ.