ಗಾಣದ ಮುಂದೆ ಟ್ರೇಲರ್ ರಿವರ್ಸ್ ಹಾಕಿದ್ದು

ಟ್ರ್ಯಾಕ್ಟರ್ ಓಡಿಸೋದು ನನಗೆ ಚೆನ್ನಾಗಿಯೇ ಬರುತ್ತಿತ್ತು. ರಂಟಿ ಹೊಡೆದಿದ್ದೆ, ರೋಟಾವೇಟರ್ ಹೊಡೆದಿದ್ದೆ. ಟ್ರೇಲರ್ ಕಟ್ಟಿಕೊಂಡು ಮುಧೋಳಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದೆ. ಮುಂದಕ್ಕೆ ಹೋಗುವಾಗ ಟ್ರೇಲರ್ ಸುಮ್ನೆ ಬೆನ್ನ ಹಿಂದೆ ಬರುತ್ತದೆ. ಅದು ಇದೆ ಅನ್ನೋದೇ ಮರೆತುಹೋಗುತ್ತದೆ. ನನಗೆ ಅದರ ನೆನಪಾಗಿದ್ದು ಗಾಣದ ಮನೆಯ ಮುಂದೆ.

ನಮ್ಮ ಕಡೆ ಕಬ್ಬೆಲ್ಲ ಫ್ಯಾಕ್ಟರಿಗೇ ಹೋಗೋದಿಲ್ಲ. ಸ್ವಲ್ಪ ಗಾಣಕ್ಕೆ ಹೋಗಿ, ಬೆಲ್ಲವಾಗಿ ಮಹಾಲಿಂಗಪುರದ ಪೇಟೆ ಸೇರುತ್ತದೆ. ಆ ಗಾಣದ ಅಂಗಳ ಬಹಳ ಇಕ್ಕಟ್ಟು. ಎಡಕ್ಕೆ ಸಿಪ್ಪೆಯ ರಾಶಿ, ಬಲಕ್ಕೆ ಬೇವಿನ ಗಿಡ. ನಡುವೆ ಹೆಚ್ಚೆಂದರೆ 10 ಅಡಿ ದಾರಿ. ಒಳಗೆ ತಿರುಗಿಸಿಕೊಳ್ಳಲು ಜಾಗವಿಲ್ಲ, ರಿವರ್ಸ್‌ನಲ್ಲೇ ಹೋಗಬೇಕು.

ಟ್ರೇಲರಿನ ಹಿಂಬದಿ ಸ್ವಲ್ಪ ಬಲಕ್ಕೆ ಹೋಗಬೇಕಿತ್ತು. ನಾನು ಸ್ಟೇರಿಂಗ್ ಬಲಕ್ಕೆ ತಿರುಗಿಸಿದೆ. ಅದು ಎಡಕ್ಕೆ ಹೋಯಿತು. ಕಡಿಮೆ ತಿರುಗಿಸಿದೆನೇನೋ ಅಂತ ಇನ್ನೂ ಬಲಕ್ಕೆ ತಿರುಗಿಸಿದೆ. ಈಗ ಇಂಜಿನ್ (ಟ್ರ್ಯಾಕ್ಟರಿಗೆ ನಾವು ಅನ್ನೋದೇ ಹಾಗೆ) ಒಂದು ಕಡೆ, ಟ್ರೇಲರ್ ಒಂದು ಕಡೆ ಮಡಚಿಕೊಳ್ಳತೊಡಗಿತು. ಗಾಬರಿಯಲ್ಲಿ ಬ್ರೇಕ್ ತುಳಿದೆ. ಅಲ್ಲೇ ಇನ್ನೊಂದು ತಪ್ಪು. ಟ್ರ್ಯಾಕ್ಟರಿನ ಹಿಂದಿನ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತದಲ್ವಾ? ಹೊಲದಲ್ಲಿ ಸಣ್ಣ ಜಾಗದಲ್ಲಿ ತಿರುಗಿಸಲು ಎರಡನ್ನೂ ಬಿಡಿಸಿಟ್ಟಿದ್ದೆ, ರಸ್ತೆಗೆ ಬರುವಾಗ ಜೋಡಿಸಲು ಮರೆತಿದ್ದೆ. ಕಾಲು ಬಲಗಡೆಯದರ ಮೇಲಷ್ಟೇ ಬಿತ್ತು. ಇಂಜಿನ್ ಸರ್ರನೆ ತಿರುಗಿ, ಟ್ರೇಲರಿನ ಮೂಲೆ ಎಡ ಮಡ್‌ಗಾರ್ಡಿಗೆ ಕಡಕ್ ಅಂತ ಬಡಿಯಿತು. ಕಬ್ಬು ಇಳಿಸಲು ನಿಂತಿದ್ದ ಗ್ಯಾಂಗಿನವರೆಲ್ಲ ಒಮ್ಮೆಲೇ ನನ್ನ ಕಡೆ ನೋಡಿದರು.

ಪಕ್ಕದ ಹೊಲದ ಕಾಕಾ ಅಲ್ಲೇ ಇದ್ದರು. ಏನೂ ಅನ್ನದೆ ಸೀಟು ಹತ್ತಿ, ಒಮ್ಮೆ ಮುಂದೆ ಒಮ್ಮೆ ಹಿಂದೆ ಮಾಡಿ ಟ್ರೇಲರನ್ನು ಗಾಣದ ಬಾಯಿಗೆ ನಿಲ್ಲಿಸಿ ಇಳಿದರು. ಸಂಜೆ ತಮ್ಮ ಮನೆಗೆ ಕರೆದರು. ಕೇಳಿದ್ದು ಒಂದೇ ಮಾತು: "ತಮ್ಮಾ, ಚಕ್ಕಡಿ ಎಂದರ ಹಿಂದಕ್ಕ ನೂಕೀಯೇನು?"

ಅವರ ಹಿತ್ತಲಲ್ಲಿ ಹಳೆಯ ಚಕ್ಕಡಿ, ಅಂದರೆ ಎತ್ತಿನ ಗಾಡಿ, ಇತ್ತು. ನೊಗ ಹಿಡಿದು ಹಿಂದಕ್ಕೆ ನೂಕು ಅಂದರು. ನೊಗ ಎಡಕ್ಕೆ ಸರಿಸಿದರೆ ಚಕ್ಕಡಿಯ ಹಿಂಬದಿ ಬಲಕ್ಕೆ ಹೋಗುತ್ತದೆ. ಬಲಕ್ಕೆ ಸರಿಸಿದರೆ ಎಡಕ್ಕೆ. "ನಿನ್ನ ಇಂಜಿನ್ ಅಂದ್ರ ಎತ್ತು. ಸ್ಟೇರಿಂಗ್ ಮರತಬಿಡು. ನೊಗ ಎತ್ತ ಒಯ್ಯಬೇಕು ಅನ್ನೋದಷ್ಟ ನೋಡು" ಅಂದರು. ಎಡ ಅಂದರೆ ಬಲ, ಬಲ ಅಂದರೆ ಎಡ ಅಂತ ಬಾಯಿಪಾಠ ಮಾಡಿದ್ದರೆ ನನಗೆ ಎಂದೂ ಬರುತ್ತಿರಲಿಲ್ಲ. ಕೈಯಲ್ಲಿ ನೊಗ ಹಿಡಿದ ಮೇಲೆ ಬಂತು.

ಮರುದಿನ ಕಡಲೆ ಕಿತ್ತ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಖಾಲಿ ಟ್ರೇಲರ್ ಕಟ್ಟಿಕೊಂಡು ಶುರು ಮಾಡಿದೆ. ಎರಡು ಗಾಲಿಯ ಸಣ್ಣ ಟ್ರೇಲರ್. ನಮ್ಮ ಇಂಜಿನ್ನಿಗೆ ಮುಂದಿನ ಗೇರ್ 8, ಹಿಂದಿನವು 2. ಲೋ ರಿವರ್ಸ್ ಹಾಕಿದೆ, ಎಕ್ಸಲೇಟರ್ ಮುಟ್ಟಲಿಲ್ಲ. ಮನುಷ್ಯ ನಡೆಯೋದಕ್ಕಿಂತ ನಿಧಾನ. ಸಾಲಾಗಿ ಕಲ್ಲು ಇಟ್ಟು ಅದರ ಪಕ್ಕಕ್ಕೇ ಹೋಗೋದು. ಎರಿ ಮಣ್ಣು ಗಾಲಿಯ ಗುರುತು ಬರೆದುಕೊಡುತ್ತದೆ. ಇಳಿದು ನೋಡಿದರೆ ಮೊದಲ ದಿನದ ಗೆರೆ ಹಾವು ಹರಿದ ಹಾಗಿತ್ತು.

ಆ ಗೆರೆ ನೋಡಿಯೇ ನನ್ನ ತಪ್ಪು ತಿಳಿಯಿತು. ಟ್ರೇಲರ್ ಪೂರ್ತಿ ಬಾಗೋವರೆಗೆ ನಾನು ಕಾಯುತ್ತಿದ್ದೆ. ಎಡಕ್ಕೆ ತಿರುಗಿಸಿ, ಹಿಂಬದಿ ಬಲಕ್ಕೆ ಹೊರಳಲು ಶುರುವಾದ ಕೂಡಲೇ ಸ್ಟೇರಿಂಗ್ ಬಲಕ್ಕೆ ತಂದು ಇಂಜಿನ್ ಅದರ ಬೆನ್ನು ಹತ್ತಬೇಕು. ತಡ ಮಾಡಿದರೆ ಮಡಚಿಕೊಳ್ಳುತ್ತದೆ. ಟ್ರೇಲರ್ ಗಿಡ್ಡ ಇದ್ದಷ್ಟು ಬೇಗ ಬಾಗುತ್ತದೆ. ಉದ್ದ ಇದ್ದರೆ ನಿಧಾನ, ಯೋಚನೆ ಮಾಡಲು ಸಮಯ ಸಿಗುತ್ತದೆ. ಸಣ್ಣದು ಸುಲಭ ಅಂದುಕೊಂಡಿದ್ದೆ ನಾನು! ನೆಟ್ಟಗೆ ಹೋಗಬೇಕಾದರೆ, ಯಾವ ಕಡೆ ಟ್ರೇಲರ್ ಜಾಸ್ತಿ ಕಾಣುತ್ತದೋ ಆ ಕಡೆಗೇ ಸ್ಟೇರಿಂಗನ್ನು ಒಂದಿಷ್ಟು ತಿರುಗಿಸೋದು, ವಾಪಸ್ ತರೋದು.

ಇದಕ್ಕಿಂತ ಕಷ್ಟವಾಗಿದ್ದು ನಾಚಿಕೆ ಬಿಡೋದು. ಬಾಗಿದ್ದು ಜಾಸ್ತಿಯಾದರೆ ರಿವರ್ಸ್‌ನಲ್ಲಿ ಸರಿಯಾಗೋದಿಲ್ಲ. ಹತ್ತು ಹೆಜ್ಜೆ ಮುಂದೆ ಹೋದರೆ ತಾನೇ ನೆಟ್ಟಗಾಗುತ್ತದೆ. ಆದರೆ ಜನ ನೋಡುವಾಗ ಮುಂದೆ ಹೋಗೋದು ಸೋತ ಹಾಗೆ ಅನ್ನಿಸುತ್ತದೆ. ಕಾಕಾ 30 ವರ್ಷದಿಂದ ಓಡಿಸುವವರು, ಅವರೇ ಮುಂದೆ ಹೋಗುತ್ತಾರೆ. ಅನುಮಾನ ಬಂದರೆ ಇಳಿದೂ ನೋಡುತ್ತಾರೆ.

ಇನ್ನು ದಾರಿ ಹೇಳುವವರು. ಗಾಣದ ಮುಂದೆ ನಾಲ್ಕು ಜನ ಸೇರಿದರೆ ನಾಲ್ವರೂ "ಎಡಕ್ಕ ಹೊಡಿ, ಬಲಕ್ಕ ಹೊಡಿ" ಅಂತ ಕೂಗುತ್ತಾರೆ. ಸ್ಟೇರಿಂಗ್ ಎಡಕ್ಕೋ, ಟ್ರೇಲರ್ ಎಡಕ್ಕೋ? ನಿಂತವನ ಎಡವೋ, ನನ್ನ ಎಡವೋ? ಕಬ್ಬು ತುಂಬಿದ್ದರೆ ಹಿಂದೆ ಏನೂ ಕಾಣೋದಿಲ್ಲ, ಯಾರಾದರೂ ಹೇಳಲೇಬೇಕು. ಅದಕ್ಕೆ ನಾನು ಈಗ ಒಬ್ಬನನ್ನೇ ನಿಲ್ಲಿಸುತ್ತೇನೆ. "ಬೇವಿನ ಗಿಡದ ಕಡೆ" ಅಥವಾ "ಸಿಪ್ಪಿ ಕಡೆ" ಅನ್ನು, ಎಡ-ಬಲ ಅನ್ನಬೇಡ ಅಂತ ಮೊದಲೇ ಹೇಳಿರುತ್ತೇನೆ. ಅವನು ನನಗೆ ಕಾಣದೇ ಹೋದರೆ ಅಲ್ಲೇ ನಿಲ್ಲಿಸುತ್ತೇನೆ. ಟ್ರೇಲರಿನ ಹಿಂದೆ ಮಾತ್ರ ಯಾರೂ ನಿಲ್ಲಬಾರದು. ನಮ್ಮ ಟ್ರೇಲರಿಗೆ ಬೇರೆ ಬ್ರೇಕ್ ಇಲ್ಲ.

ಹದಿನೈದು ದಿನದಲ್ಲಿ ಗಾಣದ ಬಾಯಿಗೆ ನಾನೇ ನಿಲ್ಲಿಸಿದೆ. ಎರಡು ಸಲ ಮುಂದೆ ಹೋಗಿದ್ದೆ. ಕಲಿತೆ ಅಂದುಕೊಳ್ಳುವಷ್ಟರಲ್ಲಿ ಕಾಕಾ ನಾಲ್ಕು ಗಾಲಿಯ ಟ್ರೇಲರ್ ಕಟ್ಟಿಕೊಟ್ಟರು. ಅದರ ಮುಂದಿನ ಗಾಲಿಗಳೂ ಎಡಕ್ಕೆ ಬಲಕ್ಕೆ ಹೊರಳುತ್ತವೆ. ಚಕ್ಕಡಿಯ ಹಿಂದೆ ಇನ್ನೊಂದು ಚಕ್ಕಡಿ ಕಟ್ಟಿದ ಲೆಕ್ಕ. ಬಾಗುವ ಕಡೆ ಎರಡಾದ್ದರಿಂದ ಪಾಠ ಮತ್ತೆ ಉಲ್ಟಾ. ಹಿಂಬದಿ ಬಲಕ್ಕೆ ಬೇಕಾದರೆ ಸ್ಟೇರಿಂಗ್ ಮೊದಲು ಬಲಕ್ಕೇ! ಅದನ್ನು ನಾನು ಈಗ 20 ಅಡಿ ನೆಟ್ಟಗೆ ತರುತ್ತೇನೆ, ಆಮೇಲೆ ಎತ್ತಲೋ ಹೋಗುತ್ತದೆ. ಹಿಂದೆ ಎರಡು ಟ್ರೇಲರ್ ಇದ್ದರೆ ಕಾಕಾ ಕೂಡ ರಿವರ್ಸ್ ತಂಟೆಗೆ ಹೋಗೋದಿಲ್ಲ. ಹಿಂದಿನದರ ಗಾಲಿಗೆ ಕಲ್ಲು ಇಟ್ಟು, ಜೋಡಿಸಿದ ಪಿನ್ ಕಿತ್ತು ಅದನ್ನು ಬಿಡಿಸಿಬಿಡುತ್ತಾರೆ.