ಗಂಬೂಟು ಬಿರಿಯದಂತೆ ಮಾಡಲು ನಾನು ಹಿಡಿದ ದಾರಿ

ಬಿರುಕು ಬಿಟ್ಟ ಗಂಬೂಟು ಕೈಗೆ ಬಂದರೆ ನಾನು ಮೊದಲು ರಬ್ಬರಿನ ಗುಣಮಟ್ಟ ವಿಚಾರಿಸಲು ಹೋಗುವುದಿಲ್ಲ. ಬಿರುಕು ಎಲ್ಲಿದೆ, ಯಾವ ಕಡೆಗೆ ಓಡಿದೆ, ಒಂಟಿಯೋ ಗುಂಪೋ ಎಂದು ನೋಡುತ್ತೇನೆ. ಮಡಿಕೆಯ ಏಣಿನ ಮೇಲೆ ಒಂದರ ಪಕ್ಕ ಒಂದು, ಸಾಲಾಗಿ, ಹಿಗ್ಗಿದ ದಿಕ್ಕಿಗೆ ಅಡ್ಡವಾಗಿ ಸಣ್ಣ ಸೀಳುಗಳಿದ್ದರೆ ಅದು ಗಾಳಿಯಲ್ಲಿರುವ ಓಝೋನ್ ಮಾಡಿದ ಕೆಲಸ. ಬಿಸಿಲಿಗೆ ತೆರೆದುಕೊಂಡ ಮೈಯೆಲ್ಲ ದಿಕ್ಕುದೆಸೆಯಿಲ್ಲದೆ ಬಲೆಬಲೆಯಾಗಿ ಒಡೆದಿದ್ದರೆ ಅದು ಬೆಳಕು ಮತ್ತು ಆಮ್ಲಜನಕದ್ದು. ಬೆರಳುಗಳ ಬುಡದ ನೇರಕ್ಕೆ ಒಂದೋ ಎರಡೋ ಆಳವಾದ ಸೀಳಿದ್ದು, ಬಗ್ಗಿಸಿದಾಗ ಒಳಗಿನ ಬಟ್ಟೆಯವರೆಗೂ ಬಾಯಿ ಬಿಟ್ಟರೆ ಅದು ಲಕ್ಷಾಂತರ ಸಲ ಮಡಿಸಿ ಬಿಚ್ಚಿದ ದಣಿವು. ಎರಡು ಪದರ ಸೇರುವ ಅಂಚಿನಲ್ಲೇ ಗೆರೆ ಎಳೆದಂತೆ ಬಿಟ್ಟುಕೊಂಡಿದ್ದರೆ ಅದನ್ನು ಬಿರುಕು ಎಂದು ಕರೆಯುವುದೇ ಸರಿಯಲ್ಲ, ಅಲ್ಲಿ ಅಂಟು ಸೋತಿದೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ‘ಇನ್ನೂ ಒಳ್ಳೆಯ ರಬ್ಬರ್ ಹಾಕಿ’ ಎಂಬ ಒಂದೇ ಉತ್ತರ ಕೊಟ್ಟರೆ ಖರ್ಚು ಏರುತ್ತದೆ, ಬೂಟು ಮಾತ್ರ ಅದೇ ಜಾಗದಲ್ಲಿ ಬಿರಿಯುತ್ತದೆ.

ಬಳಕೆ ಮುಗಿದ ಬೂಟುಗಳನ್ನು ಉದ್ದಕ್ಕೆ ಸೀಳಿ ನೋಡುವುದು ನನ್ನ ಹಳೆಯ ಅಭ್ಯಾಸ. ಹಾಗೆ ನೋಡುತ್ತ ಹೋದಂತೆ ನನಗೆ ಗಟ್ಟಿಯಾದದ್ದು ಇಷ್ಟು: ರಬ್ಬರ್ ಯಾವುದೇ ಇರಲಿ, ಬೂಟು ಎಲ್ಲಿ ಮಡಿಯುತ್ತದೆ, ಎಷ್ಟು ಚೂಪಾಗಿ ಮಡಿಯುತ್ತದೆ ಎಂಬುದೇ ಅದರ ಆಯಸ್ಸನ್ನು ಮೊದಲು ಕಟ್ಟಿಹಾಕುತ್ತದೆ. ಹಾಗಾಗಿ ನಾನು ವಿನ್ಯಾಸ ಶುರು ಮಾಡುವುದು ಮಡಿಕೆಯಿಂದ. ಕಾಂಪೌಂಡಿನ, ಅಂದರೆ ರಬ್ಬರಿಗೆ ಬೇರೆ ಪದಾರ್ಥ ಬೆರೆಸಿದ ಮಿಶ್ರಣದ, ಮಾತು ಆಮೇಲೆ.

ಮಡಿಕೆಯನ್ನು ಅಳೆಯಲು ದೊಡ್ಡ ಉಪಕರಣ ಬೇಕಿಲ್ಲ. ಬೂಟಿನ ಮೇಲ್ಭಾಗದಲ್ಲಿ 5 ಮಿಲಿಮೀಟರ್ ಚೌಕದ ಜಾಲವನ್ನು ಬಿಳಿ ಪೆನ್ನಿನಿಂದ ಬರೆಯುತ್ತೇನೆ. ಬೂಟು ಹಾಕಿಕೊಂಡವರನ್ನು ನಡೆಸಿ, ಮೆಟ್ಟಿಲು ಹತ್ತಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ ಹತ್ತಿರದಿಂದ ಫೋಟೋ ತೆಗೆಯುತ್ತೇನೆ. 5 ಮಿಲಿಮೀಟರ್ ಇದ್ದ ಅಂತರ ಏಣಿನ ಮೇಲೆ 6 ಆಗಿದ್ದರೆ ಅಲ್ಲಿ ರಬ್ಬರ್ ಶೇಕಡಾ 20ರಷ್ಟು ಹಿಗ್ಗಿದೆ ಎಂದರ್ಥ. ಮಡಿಕೆ ಎಷ್ಟು ದುಂಡಗಿದೆ ಎಂದು ತಿಳಿಯಲು, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಳಸುವ ಸಿಲಿಕೋನ್ ಮುದ್ದೆಯನ್ನು ಮಡಿಕೆಯ ಮೇಲೆ ಒತ್ತಿ, ಗಟ್ಟಿಯಾದ ಮೇಲೆ ಅಡ್ಡ ಕತ್ತರಿಸಿ ಅಳೆಯುತ್ತೇನೆ. ಕುಕ್ಕರುಗಾಲಿನಲ್ಲಿ ಕೂತಾಗ ಬೀಳುವ ಮಡಿಕೆ ನಡೆಯುವಾಗ ಬೀಳುವುದಕ್ಕಿಂತ ಎಷ್ಟೋ ಚೂಪು. ಕಳೆ ಕೀಳುವವರು, ಹಾಲು ಕರೆಯುವವರು, ಮೀನು ವಿಂಗಡಿಸುವವರು ದಿನವೆಲ್ಲ ಹಾಗೆಯೇ ಕೂರುತ್ತಾರೆ. ನಡಿಗೆಯೊಂದನ್ನೇ ಲೆಕ್ಕ ಹಿಡಿದು ಮಾಡಿದ ಬೂಟು ಅವರ ಕಾಲಲ್ಲಿ ಬೇಗ ಸೋಲುವುದು ಸಹಜ.

ಇಲ್ಲಿ ಬರುವ ಲೆಕ್ಕ ಸುಲಭ, ಆದರೆ ನನ್ನ ಎಲ್ಲ ತೀರ್ಮಾನಗಳೂ ಅದರ ಮೇಲೆಯೇ ನಿಂತಿವೆ. ಬೂಟಿನ ಒಳಗಿನ ನೇಯ್ದ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಆದ್ದರಿಂದ ಬಗ್ಗುವಾಗ ಹಿಗ್ಗಬೇಕಾದದ್ದನ್ನೆಲ್ಲ ಹೊರಗಿನ ರಬ್ಬರೇ ಹಿಗ್ಗಬೇಕು. ಹೊರಮೈಯ ಹಿಗ್ಗು ಎಂದರೆ ರಬ್ಬರಿನ ದಪ್ಪವನ್ನು ಮಡಿಕೆಯ ಒಳತ್ರಿಜ್ಯದಿಂದ ಭಾಗಿಸಿದಷ್ಟು. 4 ಮಿಲಿಮೀಟರ್ ತ್ರಿಜ್ಯದ ಮಡಿಕೆಯಲ್ಲಿ 2.4 ಮಿಲಿಮೀಟರ್ ದಪ್ಪದ ರಬ್ಬರಿನ ಹೊರಮೈ ಶೇಕಡಾ 60 ಹಿಗ್ಗುತ್ತದೆ. ದಪ್ಪವನ್ನು 1.5ಕ್ಕೆ ಇಳಿಸಿದರೆ ಅದು 37ರ ಆಸುಪಾಸಿಗೆ ಬರುತ್ತದೆ. ಜೊತೆಗೆ ಮಡಿಕೆಯನ್ನೂ 8 ಮಿಲಿಮೀಟರಿಗೆ ದುಂಡಗೆ ಮಾಡಿದರೆ 20ಕ್ಕಿಂತ ಕೆಳಗೆ. ಅಂದರೆ ಮಡಿಯುವ ಜಾಗದಲ್ಲಿ ದಪ್ಪ ಮಾಡುವುದು ಬಿರುಕನ್ನು ಕರೆದು ಕೂರಿಸಿದಂತೆ. ಬೂಟು ಬಿರಿಯುತ್ತದೆ ಎಂಬ ದೂರು ಬಂದ ಕೂಡಲೇ ಹಾಳೆಯ ದಪ್ಪ ಏರಿಸುವ ರೂಢಿ ಈ ಕಸುಬಿನಲ್ಲಿ ಬಲವಾಗಿದೆ. ಅದರ ವಿರುದ್ಧ ನಾನು ಎಷ್ಟು ಸಲ ವಾದ ಮಾಡಿದರೂ ಬೇಸರವಿಲ್ಲ.

ಹಾಗಾಗಿ ನನ್ನ ಬೂಟುಗಳಲ್ಲಿ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಮೂತಿ, ಹಿಮ್ಮಡಿ, ಹರಡಿನ ಎರಡು ಪಕ್ಕ ದಪ್ಪ. ಬೆರಳುಗಳ ಬುಡದ ಪಟ್ಟೆ ತೆಳು. ಆ ಪಟ್ಟೆಯನ್ನು ಬೂಟಿಗೆ ನೇರ ಅಡ್ಡಲಾಗಿ ಇಡುವುದಿಲ್ಲ. ಹೆಬ್ಬೆರಳಿನ ಕೀಲು ಮುಂದಿರುತ್ತದೆ, ಕಿರುಬೆರಳಿನದು ಹಿಂದೆ. ಕಾಲು ಮಡಿಯುವುದು ಆ ಓರೆ ಗೆರೆಯಲ್ಲಿ. ಮೂತಿಯ ದಪ್ಪ ಪದರದ ಅಂಚು ಈ ಗೆರೆಯ ಮೇಲೆಯೇ ಬಂದು ಕೂತರೆ ಇಡೀ ಮಡಿಕೆ ಆ ಅಂಚಿಗೇ ಒರಗುತ್ತದೆ, ಕೆಲವೇ ತಿಂಗಳಲ್ಲಿ ಅಲ್ಲೇ ಬಾಯಿ ಬಿಡುತ್ತದೆ. ಅದಕ್ಕೆ ಆ ಅಂಚನ್ನು ಗೆರೆಯಿಂದ ಸಾಕಷ್ಟು ಮುಂದಕ್ಕೆ ಸರಿಸಿ, ಮೆಟ್ಟಿಲಿನಂತೆ ನಿಲ್ಲದೆ ಕ್ರಮೇಣ ತೆಳುವಾಗುವಂತೆ ಓರೆಯಾಗಿ ಕತ್ತರಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಾಡುವ ಜಾಗ ಮಡಿಕೆಯ ನಡುವಲ್ಲ, ಅದರ ಎರಡು ತುದಿಗಳು. ಪಾದದ ಮೇಲೆ ಎದ್ದ ಮಡಿಕೆ ಪಕ್ಕಕ್ಕೆ ಇಳಿದು ಅಟ್ಟೆಯ ಹತ್ತಿರ ಬಂದಾಗ, ಸುಲಭಕ್ಕೆ ಬಗ್ಗದ ಅಟ್ಟೆಗೆ ತಾಗಿ, ಒಂದು ಚೂಪು ಮೂಲೆಯಾಗಿ ಮುಗಿಯುತ್ತದೆ. ಒಂದೇ ಬಿಂದುವಿನಲ್ಲಿ ಎರಡು ದಿಕ್ಕಿನ ಬಾಗು ಸೇರುವುದರಿಂದ ಅಲ್ಲಿನ ಹಿಗ್ಗು ನಡುವಿಗಿಂತ ಬಹಳ ಹೆಚ್ಚು. ಅಟ್ಟೆಯ ಸುತ್ತ ಅಂಟಿಸುವ ಫಾಕ್ಸಿಂಗ್ ಪಟ್ಟಿಯ ಮೇಲಂಚು ಆ ಮೂಲೆಯಲ್ಲೇ ಇದ್ದರೆ ಮುಗಿಯಿತು. ನಾನು ಆ ಪಟ್ಟಿಯನ್ನು ಮಡಿಕೆ ಬರುವ ಕಡೆ ತಗ್ಗಿಸಿ, ಮೂತಿ ಮತ್ತು ಹಿಮ್ಮಡಿಯ ಕಡೆ ಎತ್ತರಿಸುತ್ತೇನೆ. ಮೇಲಂಚು ಅಲೆಯಂತೆ ಕಾಣುತ್ತದೆ. ನೋಡಿದವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಅಟ್ಟೆಯ ತಳದ ಹಲ್ಲುಗಳ ನಡುವಿನ ತೋಡುಗಳಿಗೂ ಇದೇ ನ್ಯಾಯ: ತೋಡಿನ ತಳ ಚೂಪಾಗಿರದೆ ದುಂಡಗಿರಬೇಕು, ಮಡಿಯುವ ಗೆರೆಗೆ ಸರಿಯಾಗಿ ಒಂದು ಆಳವಾದ ತೋಡು ಬಂದು ಕೂರಬಾರದು.

ಇನ್ನು ಕಾಲಚ್ಚು. ಬೂಟು ಕಟ್ಟುವ ಅಲ್ಯೂಮಿನಿಯಂ ಅಚ್ಚಿನ ಮೂತಿಯನ್ನು ನೆಲದಿಂದ ತುಸು ಮೇಲಕ್ಕೆತ್ತಿದರೆ ಪ್ರತಿ ಹೆಜ್ಜೆಗೂ ಬಗ್ಗಬೇಕಾದ ಕೋನ ಅಷ್ಟು ಕಡಿಮೆಯಾಗುತ್ತದೆ. ಹರಡಿನ ಸುತ್ತಳತೆಯೂ ಮುಖ್ಯ. ಸಡಿಲವಾದ ಬೂಟು ಹರಡಿನ ಮುಂದೆಯೂ ಹಿಂದೆಯೂ ಆಳವಾಗಿ ಕುಸಿದು ಮಡಿಯುತ್ತದೆ. ಹಾಕಿ ತೆಗೆಯಲು ಸುಲಭವಾಗಲೆಂದು ಅಲ್ಲಿ ಹೆಚ್ಚು ಅಗಲ ಕೊಡುವುದಕ್ಕಿಂತ ಒಳಗೆ ಜಾರುವ ಬಟ್ಟೆ ಕೊಡುವುದು ಲೇಸು. ಬಟ್ಟೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ನೇಯ್ದ ಬಟ್ಟೆಗಿಂತ ಹೆಣೆದ ಬಟ್ಟೆ ಮಡಿಕೆಗೆ ಒಳ್ಳೆಯದು. ಅದು ತಾನೂ ಸ್ವಲ್ಪ ಹಿಗ್ಗಿ, ರಬ್ಬರಿನ ಮೇಲಿನ ಭಾರವನ್ನು ಹಂಚಿಕೊಳ್ಳುತ್ತದೆ. ನೇಯ್ದದ್ದನ್ನೇ ಬಳಸಬೇಕಾದಾಗ ಮಡಿಯುವ ಜಾಗದಲ್ಲಿ ಎಳೆಗಳು ಓರೆಗೆ ಬರುವಂತೆ ಕತ್ತರಿಸುತ್ತೇನೆ.

ಬಟ್ಟೆಗೆ ಹಾಕಿದ ಬಣ್ಣವನ್ನೂ ಕೇಳಿಯೇ ಕೊಳ್ಳುತ್ತೇನೆ. ತಾಮ್ರ ಮತ್ತು ಮ್ಯಾಂಗನೀಸ್ ಸಹಜ ರಬ್ಬರಿಗೆ ವಿಷ. ಬಣ್ಣದಲ್ಲಿ ಅವು ಅಲ್ಪವಾಗಿದ್ದರೂ ರಬ್ಬರ್ ಆಮ್ಲಜನಕದೊಡನೆ ಸೇರುವ ವೇಗವನ್ನು ಹೆಚ್ಚಿಸಿ, ಅದನ್ನು ಒಳಗಿನಿಂದಲೇ ಹಾಳುಮಾಡುತ್ತವೆ. ಹೊರಗೆ ಚೆನ್ನಾಗಿ ಕಾಣುವ ಬೂಟು ಒಳಮೈಯಿಂದ ಕೆಡುತ್ತಾ ಬಂದಿದ್ದರೆ ನನ್ನ ಮೊದಲ ಅನುಮಾನ ಬಟ್ಟೆಯ ಮೇಲೆಯೇ. ರಬ್ಬರಿಗೆ ನೇರ ತಾಗುವ ಕಡೆ ಹಿತ್ತಾಳೆಯ ಬಕಲ್, ತಾಮ್ರದ ರಿವೆಟ್ ಬಳಸದಿರುವುದೂ ಇದೇ ಕಾರಣಕ್ಕೆ.

ಈಗ ಕಾಂಪೌಂಡು. ಸಹಜ ರಬ್ಬರನ್ನು ಬಿಡಲು ನನಗೆ ಮನಸ್ಸಿಲ್ಲ. ಹಿಗ್ಗಿದಾಗ ಅದರ ಅಣುಸರಪಳಿಗಳು ಸಾಲುಗಟ್ಟಿ ಸ್ಫಟಿಕವಾಗುತ್ತವೆ. ಸೀಳಿನ ತುದಿಯಲ್ಲೇ ಅದು ಗಟ್ಟಿಯಾಗಿ ಸೀಳನ್ನು ತಡೆಯುತ್ತದೆ. ಅದರ ದೌರ್ಬಲ್ಯ ಸರಪಳಿಯ ಉದ್ದಕ್ಕೂ ಇಂಗಾಲದ ಪರಮಾಣುಗಳ ನಡುವೆ ಇರುವ ಜೋಡಿಬಂಧಗಳು. ಓಝೋನ್ ಹೋಗಿ ಹೊಡೆಯುವುದು ಅಲ್ಲಿಗೇ. ಗಾಳಿಯಲ್ಲಿ ಓಝೋನ್ ಇರುವುದು 10 ಕೋಟಿ ಭಾಗಕ್ಕೆ ಕೆಲವೇ ಭಾಗದಷ್ಟು, ಆದರೂ ಸಾಕು. ಹಿಗ್ಗದೆ ಸುಮ್ಮನಿರುವ ರಬ್ಬರಿನಲ್ಲಿ ಓಝೋನ್ ಬಿರುಕು ಮೂಡುವುದಿಲ್ಲ. ಸ್ವಲ್ಪವೇ ಹಿಗ್ಗಿ ನಿಂತ ರಬ್ಬರಿನಲ್ಲಿ ಕೆಲವೇ ಕೆಲವು, ಆದರೆ ಆಳವಾದ ಬಿರುಕು ಬರುತ್ತವೆ. ಹೆಚ್ಚು ಹಿಗ್ಗಿದ್ದರಲ್ಲಿ ಅಸಂಖ್ಯ ಸಣ್ಣವು. ಮಡಚಿ ಮೂಲೆಗೆ ಎಸೆದ ಬೂಟು ಹಾಕದೆಯೇ ಹಾಳಾಗುವುದರ ಗುಟ್ಟು ಇದು.

ಇದಕ್ಕೆ ಹಳೆಯ ರಕ್ಷಣೆ ಮೇಣ. ಕಾಂಪೌಂಡಿನಲ್ಲಿ ಬೆರೆಸಿದ ಮೇಣ ನಿಧಾನವಾಗಿ ಹೊರಮೈಗೆ ಬಂದು ಪೊರೆಯಾಗುತ್ತದೆ. ಪ್ಯಾರಾಫಿನ್ ಮೇಣ ತಂಪಿನಲ್ಲೂ ಬೇಗ ಮೇಲೆ ಬರುತ್ತದೆ, ಮೈಕ್ರೋಕ್ರಿಸ್ಟಲೈನ್ ಮೇಣ ಬಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನ್ನೂ ಕೂಡಿಸಿ ಹಾಕುವುದು ವಾಡಿಕೆ. ಆದರೆ ಮೇಣದ ಪೊರೆ ನಿಂತ ಬೂಟನ್ನಷ್ಟೇ ಕಾಯುತ್ತದೆ. ಬಗ್ಗಿದೊಡನೆ ಅದು ಒಡೆಯುತ್ತದೆ, ಒಡೆದ ಸಣ್ಣ ಗೆರೆಗಳಲ್ಲೇ ಓಝೋನಿನ ದಾಳಿಯೆಲ್ಲ ಒಟ್ಟಾಗುತ್ತದೆ. ಬರೀ ಮೇಣವನ್ನೇ ನಂಬಿದ ಕಾಂಪೌಂಡು ಮಡಿಕೆಯಲ್ಲಿ, ಮೇಣವೇ ಇಲ್ಲದ್ದಕ್ಕಿಂತ ಕೆಟ್ಟದಾಗಿ ಸೀಳುವುದನ್ನು ನಾನು ಕಂಡಿದ್ದೇನೆ. ಬಗ್ಗುವ ರಬ್ಬರಿಗೆ ಓಝೋನಿನೊಡನೆ ತಾನೇ ಪ್ರತಿಕ್ರಿಯಿಸುವ ರಾಸಾಯನಿಕ ಬೇಕು. ಟೈರಿನವರು ಬಳಸುವ 6ಪಿಪಿಡಿ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. ಅದಕ್ಕೆ ಎರಡು ತೊಡಕುಗಳಿವೆ. ಅದು ಕಂದುಬಣ್ಣ ಬಿಡುವುದರಿಂದ ಹಳದಿ, ಬಿಳಿ, ತಿಳಿಹಸಿರು ಬೂಟುಗಳಿಗೆ ಆಗಿಬರುವುದಿಲ್ಲ. ಕಲೆ ಮಾಡದ ಫಿನಾಲ್ ವರ್ಗದ ರಕ್ಷಕಗಳು ಆಮ್ಲಜನಕವನ್ನು ತಡೆಯುತ್ತವೆಯೇ ಹೊರತು ಓಝೋನನ್ನಲ್ಲ. ಎರಡನೆಯದು ನನಗೆ ಹೆಚ್ಚು ಭಾರ: ಟೈರಿನ ಸವೆದ ಕಣಗಳಲ್ಲಿರುವ 6ಪಿಪಿಡಿ ಓಝೋನಿನೊಡನೆ ಸೇರಿ ಆಗುವ ಕ್ವಿನೋನ್ ಸಂಯುಕ್ತವೇ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಎಂದು 2020ರಲ್ಲಿ ಪ್ರಕಟವಾಯಿತು. ಗಂಬೂಟು ಹುಟ್ಟಿದ್ದೇ ನೀರಿನಲ್ಲಿ ನಿಲ್ಲಲು. ಅದರಿಂದ ನೀರಿಗೆ ಏನು ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ನಾನು ಕೆಲಸ ಮಾಡಲಾರೆ.

ನಾನು ನೆಚ್ಚಿಕೊಂಡದ್ದು ಇಪಿಡಿಎಂ ಎಂಬ ಕೃತಕ ರಬ್ಬರಿನ ಬೆರಕೆ. ಅದರ ಮುಖ್ಯ ಸರಪಳಿಯಲ್ಲಿ ಜೋಡಿಬಂಧವೇ ಇಲ್ಲ, ಓಝೋನಿಗೆ ಹೊಡೆಯಲು ಜಾಗವಿಲ್ಲ. ಹೊರಪದರದ ಸಹಜ ರಬ್ಬರಿನಲ್ಲಿ ಶೇಕಡಾ 30ರಷ್ಟು ಇಪಿಡಿಎಂ ನುಣ್ಣಗೆ ಹರಡಿದರೆ, ಸೀಳು ಹುಟ್ಟಿದರೂ ಬೆಳೆಯಲು ದಾರಿ ಸಿಗುವುದಿಲ್ಲ. ಆದರೆ ಬೆರಕೆ ಸುಲಭದ್ದಲ್ಲ: ಬಿಸಿಯಲ್ಲಿ ಬೇಯಿಸುವಾಗ ರಬ್ಬರನ್ನು ಗಟ್ಟಿಮಾಡುವ ಗಂಧಕ, ಆ ಬೇಯುವಿಕೆಯನ್ನು ಚುರುಕುಗೊಳಿಸುವ ಆಕ್ಸಿಲರೇಟರುಗಳು ಸಹಜ ರಬ್ಬರಿನ ಕಡೆಗೇ ಹೆಚ್ಚು ಓಡಿ, ಇಪಿಡಿಎಂ ಅರೆಬೆಂದು ಉಳಿಯುತ್ತದೆ. ಹಸಿ ಹಾಳೆಗಳ ಅಂಟೂ ಕಡಿಮೆಯಾಗುತ್ತದೆ, ಕೈಯಿಂದ ಪದರ ಕೂರಿಸುವವರಿಗೆ ಅದು ನಿಜವಾದ ಕಷ್ಟ. ಆದ್ದರಿಂದ ಹೊರಗಿನ ತೆಳುಪದರಕ್ಕೆ ಮಾತ್ರ ಬೆರಕೆ. ಬಟ್ಟೆಗೆ ಅಂಟುವ ಒಳಪದರ ಅಪ್ಪಟ ಸಹಜ ರಬ್ಬರ್.

ಗಂಧಕದ ಪ್ರಮಾಣ ಇನ್ನೊಂದು ಎಳೆದಾಟ. 100 ಭಾಗ ರಬ್ಬರಿಗೆ 2ರಿಂದ 2.5 ಭಾಗ ಗಂಧಕ ಹಾಕಿದರೆ ಸರಪಳಿಗಳ ನಡುವೆ ಉದ್ದನೆಯ ಗಂಧಕದ ಕೊಂಡಿಗಳಾಗುತ್ತವೆ. ಹೊಸದರಲ್ಲಿ ಚೆನ್ನಾಗಿ ಬಗ್ಗುತ್ತದೆ, ಬಿಸಿಗೆ ಬೇಗ ಮುದಿಯಾಗುತ್ತದೆ. ಗಂಧಕ ತೀರ ಇಳಿಸಿ ಆಕ್ಸಿಲರೇಟರ್ ಏರಿಸಿದರೆ ಮುಪ್ಪು ತಡವಾಗಿ ಬರುತ್ತದೆ, ಬಗ್ಗುವ ಆಯಸ್ಸು ಕುಗ್ಗುತ್ತದೆ. ನಾನು ನಡುವೆ, 1.5ರ ಆಸುಪಾಸಿನಲ್ಲಿ ನಿಲ್ಲುತ್ತೇನೆ. ದಪ್ಪ ಬೇರೆ ಬೇರೆ ಇರುವುದರಿಂದ ಬೇಯಿಸುವುದರಲ್ಲೂ ಎಚ್ಚರ ಬೇಕು. ಹಿಮ್ಮಡಿ ಬೇಯುವಷ್ಟರಲ್ಲಿ ಮಡಿಕೆಯ ತೆಳುಪಟ್ಟೆ ಅತಿಯಾಗಿ ಬೆಂದು ಬಲ ಕಳೆದುಕೊಳ್ಳಬಹುದು. ಎರಡೂ ಕಡೆ ಉಷ್ಣಮಾಪಕ ತಂತಿ ಹುದುಗಿಸಿ, ದಪ್ಪ ಭಾಗಕ್ಕೆ ಬೇಗ ಬೇಯುವ ಕಾಂಪೌಂಡು ಕೊಟ್ಟು ಸರಿದೂಗಿಸುತ್ತೇನೆ. ರಬ್ಬರಿಗೆ ತುಂಬುವ ಭರ್ತಿಪುಡಿಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ, ಸೀಮೆಸುಣ್ಣದ ಪುಡಿ ತುಂಬಿದಷ್ಟೂ ಬೂಟು ಅಗ್ಗ ಮತ್ತು ಅಲ್ಪಾಯು. ಕಪ್ಪು ಬೂಟಿಗೆ ಕಾರ್ಬನ್ ಬ್ಲ್ಯಾಕ್ ಬಲವನ್ನೂ ಕೊಡುತ್ತದೆ, ಬಿಸಿಲನ್ನೂ ತಡೆಯುತ್ತದೆ.

ಪರೀಕ್ಷೆಗೆ ಡಿ ಮಾಟಿಯಾ ಯಂತ್ರವಿದೆ, ನಿಮಿಷಕ್ಕೆ 300 ಸಲ ಬಗ್ಗಿಸುತ್ತದೆ. ಓಝೋನ್ ಪೆಟ್ಟಿಗೆಯಲ್ಲಿ ಅಂತರರಾಷ್ಟ್ರೀಯ ಮಾನಕ ಐಎಸ್ಒ 1431ರ ಪ್ರಕಾರ, ಸಾಮಾನ್ಯವಾಗಿ 40 ಡಿಗ್ರಿಯಲ್ಲಿ, 10 ಕೋಟಿಗೆ 50 ಭಾಗ ಓಝೋನಿನಲ್ಲಿ ಹಿಗ್ಗಿಸಿಟ್ಟು ನೋಡುತ್ತಾರೆ. ಎರಡನ್ನೂ ಮಾಡಿಸುತ್ತೇನೆ, ಆದರೆ ಅವೆರಡೂ ಬೇರೆ ಬೇರೆಯಾಗಿ ನಡೆಯುವುದೇ ಅವುಗಳ ಕೊರತೆ. ಕಾಲಿನಲ್ಲಿ ಬೂಟು ಬಗ್ಗುವುದೂ ಓಝೋನ್ ತಿನ್ನುವುದೂ ಒಟ್ಟಿಗೇ. ಆದ್ದರಿಂದ ಬಗ್ಗಿಸಿ ದಣಿಸಿದ ತುಣುಕನ್ನೇ ಓಝೋನ್ ಪೆಟ್ಟಿಗೆಗೆ ಹಾಕಿ, ತೆಗೆದು, ಮತ್ತೆ ಬಗ್ಗಿಸುತ್ತೇನೆ. ಜೊತೆಗೆ ಪ್ರತಿ ಕಾಂಪೌಂಡಿನ ಪಟ್ಟಿಗಳನ್ನು ಕುಣಿಕೆಯಾಗಿ ಬಗ್ಗಿಸಿ ಹಲಗೆಗೆ ಬಿಗಿದು, ಒಂದು ಹಲಗೆಯನ್ನು ಬಿಸಿಲಿಗೆ, ಇನ್ನೊಂದನ್ನು ಮಾಡಿನ ನೆರಳಿಗೆ ಇಡುತ್ತೇನೆ. ನೆರಳಿನದ್ದು ಮೊದಲು ಬಿರಿದರೆ ಆಶ್ಚರ್ಯಪಡುವುದಿಲ್ಲ. ಅಲ್ಲಿ ಬಿಸಿಲಿಲ್ಲದಿದ್ದರೂ ಓಝೋನ್ ಇದೆ, ಮೇಣ ಮೇಲೆ ಬರಲು ಬೇಕಾದ ಬಿಸಿಯಿಲ್ಲ.

ಕೊನೆಯದು ಪ್ಯಾಕಿಂಗ್. ಕಾಲಿನ ಕೊಳವೆಯನ್ನು ಅರ್ಧಕ್ಕೆ ಮಡಚಿ ಸಣ್ಣ ಪೆಟ್ಟಿಗೆಗೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಪೂರ್ಣ ಉದ್ದದ ಪೆಟ್ಟಿಗೆ, ಕೊಳವೆಯೊಳಗೆ ಸುರುಳಿ ಸುತ್ತಿದ ರಟ್ಟು. ಗೋದಾಮಿನಲ್ಲಿ ವಿದ್ಯುತ್ ಮೋಟಾರು, ವೆಲ್ಡಿಂಗ್ ನಡೆಯುವ ಜಾಗದಿಂದ ದೂರ, ಕತ್ತಲಲ್ಲಿ, 25 ಡಿಗ್ರಿಗಿಂತ ತಂಪಾಗಿ ಇಡಬೇಕು. ಬೂಟಿನ ಜೊತೆ ಹೋಗುವ ಚೀಟಿಯಲ್ಲಿ ಮೂರು ಸಾಲು ಬರೆಸಿದ್ದೇನೆ: ಮೈಮೇಲಿನ ಬಿಳಿ ಪುಡಿ ಮೇಣ, ಉಜ್ಜಿ ತೆಗೆಯಬೇಡಿ. ಎಣ್ಣೆ, ಗ್ರೀಸ್, ಬೂಟ್ ಪಾಲಿಶ್ ಹಚ್ಚಬೇಡಿ. ತೊಳೆದ ಮೇಲೆ ನೆರಳಿನಲ್ಲಿ, ಮಡಿಕೆ ಬೀಳದಂತೆ ನೆಟ್ಟಗೆ ನಿಲ್ಲಿಸಿ ಒಣಗಿಸಿ.